ಸೈಕಲ್ ಪಥದ ಗಡಿ ವಿವಾದ

ಮಗಳು ಕಾಲೇಜು ಸೇರಿದ ದಿನ ನನ್ನ ಸ್ಕೂಟರ್ ಅವಳ ಪಾಲಾಯಿತು, ಅವಳ ಸೈಕಲ್ ನನ್ನ ಪಾಲಿಗೆ ಬಂತು. ಈ ಆಸ್ತಿ ವಿಭಾಗಕ್ಕೆ ಪಂಚರನ್ನು ಕರೆದಿರಲಿಲ್ಲ. ನನ್ನ ಹೆಂಡತಿ ಒಬ್ಬಳೇ ಕುಳಿತು, ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು. ನೇರಳೆ ಬಣ್ಣದ ಲೇಡೀಸ್ ಸೈಕಲ್. ಮುಂದೆ ಬಿಳಿ ಬುಟ್ಟಿ, ಮಡ್‌ಗಾರ್ಡಿನ ಮೇಲೆ ಚಿಟ್ಟೆಯ ಚಿತ್ರ. ನಲವತ್ತೊಂಬತ್ತು ವಯಸ್ಸಿನ ಕನ್ನಡ ಮಾಸ್ತರನಿಗೆ ಚಿಟ್ಟೆ ಶೋಭಿಸುವುದಿಲ್ಲವೆಂದು ಎರಡು ಭಾನುವಾರ ಕೂತು ಕೆರೆದೆ. ಒಂದು ರೆಕ್ಕೆ ಮಾತ್ರ ಎದ್ದು ಬಂತು. ಈಗ ಒಂಟಿ ರೆಕ್ಕೆಯ ಆ ಚಿಟ್ಟೆ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಹಿಂದವಾಡಿಯ ಮನೆಯಿಂದ ಕ್ಯಾಂಪ್ ಕಡೆಯ ಶಾಲೆಗೆ ನನ್ನ ಸವಾರಿ. ನಡುವೆ ಟಿಳಕವಾಡಿಯಲ್ಲಿ ಒಂದು ಸ್ಮಾರ್ಟ್ ರಸ್ತೆ ಸಿಗುತ್ತದೆ. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂದಾಗ ಊರಿಗೆ ಊರೇ ಹಿಗ್ಗಿತ್ತು. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದವರು ನಾವು ಮತ್ತು ದಾವಣಗೆರೆಯವರು ಮಾತ್ರ. ಆಮೇಲೆ ರಸ್ತೆ ಅಗೆದರು, ಮುಚ್ಚಿದರು, ಒಳಗೆ ಏನನ್ನೋ ಮರೆತು ಬಂದವರಂತೆ ಮತ್ತೆ ಅಗೆದರು. ಕೊನೆಗೆ ಕೆಲವು ರಸ್ತೆಗಳ ಅಂಚಿನಲ್ಲಿ ಸೈಕಲ್ ಪಥ ಕಾಣಿಸಿಕೊಂಡಿತು. ನೀಲಿ ವೃತ್ತದೊಳಗೆ ಬಿಳಿ ಸೈಕಲ್ಲಿನ ಫಲಕವೂ ಬಂತು.

ನನ್ನ ತಂದೆಯವರ ಕಾಲದಲ್ಲಿ ಸೈಕಲ್ಲಿಗೂ ಮುನ್ಸಿಪಾಲಿಟಿಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ಸೀಟು ಕೂಡಿಸಿಕೊಂಡರೆ ಪೊಲೀಸರು ಹಿಡಿದು ಚಕ್ರದ ಗಾಳಿ ತೆಗೆಯುತ್ತಿದ್ದರು. ಆಗ ಸೈಕಲ್ಲಿಗೆ ತೆರಿಗೆ ಇತ್ತು, ಪಥ ಇರಲಿಲ್ಲ. ಈಗ ತೆರಿಗೆ ಇಲ್ಲ, ಪಥವಿದೆ, ಆದರೆ ಅದರ ಮೇಲೆ ಕಾರುಗಳು ವಾಸವಾಗಿವೆ.

ವಾಸವೆಂಬ ಮಾತನ್ನು ಅಳೆದು ತೂಗಿಯೇ ಹೇಳುತ್ತಿದ್ದೇನೆ. ಒಂದು ದಿನ ಶಾಲೆಯ ಅಳತೆಪಟ್ಟಿ ತಂದು ಪಥದ ಅಗಲ ನೋಡಿದೆ: ಎರಡು ಮೀಟರಿಗೆ ಒಂದೆರಡು ಬೆರಳು ಕಡಿಮೆ. ನಮ್ಮ ಗಲ್ಲಿಗಳಲ್ಲಿ ಕಾಣುವ ಸಾಮಾನ್ಯ ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್. ಎರಡೂ ಕಡೆ ಒಂದೊಂದು ಗೇಣಿಗಿಂತ ಕಡಿಮೆ ಸಡಿಲ ಬಿಟ್ಟು, ಪಳಗಿದ ದರ್ಜಿಯೊಬ್ಬ ಕಾರಿನ ಅಳತೆ ತೆಗೆದುಕೊಂಡೇ ಹೊಲಿದಂತಿದೆ. ಕಾರುಗಳು ನುಗ್ಗದಿರಲೆಂದು ಪಥದ ಬಾಯಲ್ಲಿ ಕಬ್ಬಿಣದ ಗೂಟಗಳನ್ನು ನೆಟ್ಟಿದ್ದರು. ನಡುವಿನ ಗೂಟ ಮೊದಲ ಮಳೆಗಾಲಕ್ಕೇ ಕಾಣೆಯಾಯಿತು. ಉಳಿದ ಎರಡಕ್ಕೆ ಹಗ್ಗ ಕಟ್ಟಿ ಎದುರು ಮನೆಯವರು ಮಕ್ಕಳ ಸಮವಸ್ತ್ರ ಒಣಗಿಸುತ್ತಾರೆ. ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕಷ್ಟ ಬಲ್ಲವನಾದ್ದರಿಂದ ನಾನು ತಲೆ ಬಗ್ಗಿಸಿ ದಾಟುತ್ತೇನೆ. ಮಡದಿಯ ಮುಂದೆ ಕೂಡ ಅಷ್ಟು ತಲೆ ಬಗ್ಗಿಸಿದವನಲ್ಲ.

ಗೂಟ ದಾಟಿದರೆ ಹಾಲಿನ ಟೆಂಪೊ. ಅದರಾಚೆ ಇಡ್ಲಿ ಗಾಡಿ, ಮನೆ ಕಟ್ಟುತ್ತಿರುವವರ ಮರಳಿನ ರಾಶಿ. ಆಮೇಲೆ ಮಕ್ಕಳಿಗಾಗಿ ಕಾಯುವ ಶಾಲಾ ರಿಕ್ಷಾಗಳು. ಇವರಲ್ಲಿ ಯಾರೂ ಕೆಟ್ಟವರಲ್ಲ, ನನ್ನ ಸಂಕಟವೇ ಅದು. ಜಗಳಕ್ಕೆ ಒಬ್ಬ ದುಷ್ಟನಾದರೂ ಬೇಕಲ್ಲ! ಗಂಟೆ ಬಾರಿಸಿದರೆ ಎಲ್ಲರೂ ನಗುನಗುತ್ತಾ ಒಂದೇ ಮಾತು ಹೇಳುತ್ತಾರೆ: “ಎರಡೇ ನಿಮಿಷ ಸರ್.” ಮರಳಿನ ರಾಶಿ ಹಾಕಿಸಿದವರೂ ಎರಡೇ ನಿಮಿಷ ಎಂದಿದ್ದರು. ಅದಾಗಿ ಮನೆ ಎರಡನೆಯ ಅಂತಸ್ತಿಗೆ ಬಂದಿದೆ.

ಗಂಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಗಳ ಸೈಕಲ್ಲಿನ ಗಂಟೆಗೆ ಪೂಜೆಯ ಗಂಟೆಯ ಮೃದು ಸ್ವರವಿದೆ. ಅದನ್ನು ಕೇಳಿ ಯಾರೂ ಕಾರು ತೆಗೆದ ದಾಖಲೆ ಇಲ್ಲ. ಒಬ್ಬ ಅಜ್ಜ ಮಾತ್ರ ನಿಂತು ಕೈಮುಗಿದಿದ್ದ.

ಜೂನ್ 3 ವಿಶ್ವ ಬೈಸಿಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ ದಿನವಿದು. ನಮ್ಮ ಊರಿನ ಮಳೆಯನ್ನು ಕೇಳಿದ್ದರೆ ಒಂದು ತಿಂಗಳು ಹಿಂದೆ ಹಾಕುತ್ತಿದ್ದರೇನೋ. ಒಂದು ವರ್ಷ ಅಂದು ಸೈಕಲ್ ಜಾಥಾ ಇತ್ತು, ಮಕ್ಕಳನ್ನು ಕರೆತರುವ ಕೆಲಸ ನನಗೆ ಬಿತ್ತು. ಹಸಿರು ಬಾವುಟ ಬೀಸಬೇಕಾದ ಗಣ್ಯರು ಕಾರುಗಳಲ್ಲಿ ಬಂದರು. ಜಾಥಾಕ್ಕೆಂದು ರಸ್ತೆ ತೆರವಾಗಿರಬೇಕಲ್ಲವೇ? ಹಾಗಾಗಿ ಕಾರುಗಳನ್ನೆಲ್ಲ ಶಿಸ್ತಾಗಿ, ಒಂದರ ಹಿಂದೆ ಒಂದರಂತೆ, ಸೈಕಲ್ ಪಥದ ಮೇಲೆ ನಿಲ್ಲಿಸಿದರು. ಸೈಕಲ್ ತುಳಿಯುವುದರಿಂದ ಆಗುವ ಲಾಭಗಳ ಮೇಲೆ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿದರು. ಮೂವತ್ತು ಸೈಕಲ್ಲುಗಳಲ್ಲಿ ಹನ್ನೊಂದನ್ನು ಟೆಂಪೊದಲ್ಲಿ ತಂದಿದ್ದರು, ಫೋಟೊ ಆದ ಮೇಲೆ ಟೆಂಪೊದಲ್ಲೇ ಒಯ್ದರು. ನನ್ನ ನೇರಳೆ ಸೈಕಲ್ಲಿನ ಜೊತೆ ಮುಖ್ಯ ಅತಿಥಿಗಳು ಒಂದು ಫೋಟೊ ತೆಗೆಸಿಕೊಂಡರು. ಮರುದಿನ ಪತ್ರಿಕೆಯಲ್ಲಿ ಚಿಟ್ಟೆಯ ಒಂಟಿ ರೆಕ್ಕೆ ಬಂದಿತ್ತು. ನಾನು ಬಂದಿರಲಿಲ್ಲ.

ಅಂದು ರಾತ್ರಿ ಸಿಟ್ಟು ಬಂದು ಕಾನೂನು ಹುಡುಕಿದೆ. ಚಾಲನೆಗೆ ಸಂಬಂಧಿಸಿದ 2017ರ ಕೇಂದ್ರ ನಿಯಮಾವಳಿ ಸ್ಪಷ್ಟವಾಗಿಯೇ ಇದೆ: ಫುಟ್‌ಪಾತ್ ಮೇಲೆ, ಸೈಕಲ್ ಪಥದ ಮೇಲೆ, ಪಾದಚಾರಿಗಳು ದಾಟುವ ಪಟ್ಟೆಯ ಮೇಲೆ ವಾಹನ ನಿಲ್ಲಿಸುವಂತಿಲ್ಲ. ಇದನ್ನು ನಾಲ್ಕು ಸಾಲಿನಲ್ಲಿ ಬರೆದು, ಅಂಗಡಿಯಲ್ಲಿ ನೂರು ಪ್ರತಿ ತೆಗೆಸಿ, ಕಾರುಗಳ ವೈಪರಿಗೆ ಸಿಕ್ಕಿಸಿದೆ. ಮರುದಿನ ಒಂದು ಪ್ರತಿ ನನ್ನ ಬುಟ್ಟಿಗೇ ಮರಳಿ ಬಂತು. ಟೈಪು ಮಾಡಿದವನು ‘ದಂಡ’ವನ್ನು ‘ಧಂಡ’ ಮಾಡಿದ್ದ, ನಾನು ನೋಡಿರಲಿಲ್ಲ. ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬರೆದಿದ್ದರು: “ಸರ್, ‘ದ’ದ ಹೊಟ್ಟೆ ಸೀಳಬಾರದೆಂದು ನೀವೇ ಕಲಿಸಿದ್ದಿರಿ.” ಹಳೆಯ ವಿದ್ಯಾರ್ಥಿ. ಆ ಕಾರು ಇಂದಿಗೂ ಅಲ್ಲೇ ನಿಲ್ಲುತ್ತದೆ. ಯಾವುದೆಂದು ಗೊತ್ತಿಲ್ಲದ ಕಾರಣ ಎಲ್ಲ ಕಾರುಗಳ ಮುಂದೆಯೂ ತಲೆ ತಗ್ಗಿಸಿ ಹೋಗುತ್ತೇನೆ.

ಇಷ್ಟೆಲ್ಲ ಆದರೂ ಒಂದು ನಿಜವಾದ ಜಗಳದ ಆಸೆ ಒಳಗೇ ಇತ್ತು. ಬೈಗುಳವನ್ನೂ ಸಿದ್ಧಮಾಡಿಕೊಂಡಿದ್ದೆ. ಅಚ್ಚಗನ್ನಡದಲ್ಲಿ, ಒಂದೂ ಅಸಭ್ಯ ಪದವಿಲ್ಲದೆ, ಕೇಳಿದವನು ಮನೆಗೆ ಹೋಗಿ ನಿಘಂಟು ತೆಗೆದು ನೋಡಿ ನಾಚಬೇಕು, ಹಾಗಿತ್ತು. ಸೈಕಲ್ ತುಳಿಯುತ್ತಾ ತಿದ್ದಿ ತೀಡಿದ್ದೆ.

ಆಗಸ್ಟ್‌ನ ಒಂದು ಬೆಳಿಗ್ಗೆ ಅವಕಾಶ ಬಂತು. ಜಿಟಿಜಿಟಿ ಮಳೆ. ಬುಟ್ಟಿಯಲ್ಲಿ ಒಂಬತ್ತನೆಯ ತರಗತಿಯ ನಲವತ್ತಮೂರು ಉತ್ತರ ಪತ್ರಿಕೆಗಳು, ಪ್ಲಾಸ್ಟಿಕ್ ಚೀಲದೊಳಗೆ. ಪಥದ ಮೇಲೆ ಒಂದು ಬಿಳಿ ಕಾರು, ಅದರ ಮುಂದೆ ನಮ್ಮ ಹಳೆಯ ಪರಿಚಯದ ಮರಳಿನ ರಾಶಿ. ನಾನು ಬಲಕ್ಕೆ, ರಸ್ತೆಗೆ ಇಳಿದೆ. ಕಾರಿನ ಬಾಗಿಲು ತೆರೆಯಿತು.

ನೆದರ್ಲೆಂಡ್ಸಿನಲ್ಲಿ ಕಾರಿನ ಬಾಗಿಲನ್ನು ಹತ್ತಿರದ ಕೈ ಬಿಟ್ಟು ದೂರದ ಕೈಯಿಂದ ತೆರೆಯುವ ರೂಢಿಯಿದೆಯಂತೆ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗಿ ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಒಳ್ಳೆಯ ಉಪಾಯ. ಆದರೆ ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ, ದೂರದ ಕೈ ಎಂದರೆ ಎಡಗೈ. ಮುಂಜಾನೆಯ ಹೊತ್ತು ಎಡಗೈಯಿಂದ ಬಾಗಿಲು ತೆರೆಯಿರಿ ಎಂದು ಯಾವ ಬಾಯಿಂದ ಹೇಳುವುದು?

ಬುಟ್ಟಿ ಬಾಗಿಲಿನ ಅಂಚಿಗೆ ತಗಲಿತು. ಸೈಕಲ್ ಕಾರನ್ನು ದಾಟಿ ಎರಡು ಸಲ ತೂರಾಡಿ, ಎಡಕ್ಕೆ ಹೊರಳಿ, ನನ್ನನ್ನು ಮರಳಿನ ರಾಶಿಯ ಮೇಲೆ ಮಲಗಿಸಿತು. ಹದಿನೈದು ದಿನಗಳಿಂದ ಯಾವ ರಾಶಿಗೆ ಶಾಪ ಹಾಕುತ್ತಿದ್ದೆನೋ ಅದೇ ನನ್ನ ಸೊಂಟ ಉಳಿಸಿತು. ಮೊಣಕೈ ತರಚಿತು. ಪತ್ರಿಕೆಗಳು ಚೀಲದಿಂದ ಹಾರಿ ಒದ್ದೆ ರಸ್ತೆಯ ಮೇಲೆ ಹರಡಿದವು.

ಸಿದ್ಧಮಾಡಿಟ್ಟ ಬೈಗುಳದಲ್ಲಿ ಒಂದು ಪದವೂ ನೆನಪಾಗಲಿಲ್ಲ. “ಕಣ್ಣು ಕಾಣುವುದಿಲ್ಲವೇ!” ಎಂದು ಎಲ್ಲರೂ ಬೈಯುವ ಹಾಗೆಯೇ ಬೈದೆ. ಇಳಿದು ಬಂದವರು ಅರವತ್ತೈದರ ಆಸುಪಾಸಿನ ಕಾಕಾ. ನನಗಿಂತ ಹೆಚ್ಚು ನಡುಗುತ್ತಿದ್ದರು. ಗಾಬರಿಯಾದಾಗ ಬಾಯಿಗೆ ಬರುವುದು ಹಾಲು ಕುಡಿದ ಭಾಷೆ. ಅವರು ಮರಾಠಿಯಲ್ಲಿ ಏನೋ ಜೋರಾಗಿ ಹೇಳಿದರು. ನಾನು ಕನ್ನಡದಲ್ಲಿ ಇನ್ನೂ ಜೋರಾಗಿ ಹೇಳಿದೆ. ಅಷ್ಟರಲ್ಲಿ ಹತ್ತು ಜನ ಸೇರಿದರು.

ಬೇರೆ ಊರಿನಲ್ಲಾದರೆ ಸೇರಿದ ಜನ “ತಪ್ಪು ಯಾರದು?” ಎಂದು ಕೇಳುತ್ತಾರೆ. ನಮ್ಮ ಊರಿನಲ್ಲಿ ಹಿಂದಿನ ಸಾಲಿನವನೊಬ್ಬ ಪಕ್ಕದವನನ್ನು ಕೇಳಿದ: “ಯಾವ ಭಾಷೆಯಲ್ಲಿ ಬೈದರು?”

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಶುರುವಾದದ್ದು, ಈ ಊರು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ತಕರಾರು; ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು; 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕಾವು ಏರಿದ ದಿನಗಳಲ್ಲಿ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲೇ ನಿಂತು ಬಿಡುತ್ತವೆ, ಪೊಲೀಸ್ ವ್ಯಾನುಗಳು ವೃತ್ತಗಳಲ್ಲಿ ಬೀಡು ಬಿಡುತ್ತವೆ. ಅಂಥ ಊರಿನಲ್ಲಿ ಕನ್ನಡ ಮಾಸ್ತರನೊಬ್ಬ ರಸ್ತೆಯ ಮೇಲೆ ಬಿದ್ದಿದ್ದಾನೆ, ಎದುರಿಗೆ ಮರಾಠಿ ಮಾತನಾಡುವ ಹಿರಿಯರು ನಿಂತಿದ್ದಾರೆ, ಹುಡುಗನೊಬ್ಬ ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದಾನೆ. ಸಂಜೆಯ ಹೊತ್ತಿಗೆ ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು ನನಗೂ ಹೊಳೆಯಿತು, ಕಾಕಾಗೂ ಹೊಳೆಯಿತು. ಒಬ್ಬರ ಮುಖ ಒಬ್ಬರು ನೋಡಿದೆವು.

“ಕಾಹೀ ನಾಹೀ, ಕಾಹೀ ನಾಹೀ,” ಎಂದು ನಾನು ಮರಾಠಿಯಲ್ಲಿ ಎದ್ದು ನಿಂತೆ.

ಅದೇ ಕ್ಷಣಕ್ಕೆ ಕಾಕಾ ಜನರ ಕಡೆ ತಿರುಗಿ ಕನ್ನಡದಲ್ಲಿ, “ಏನೂ ಆಗಿಲ್ಲ, ಇವರು ನಮ್ಮ ಸರ್, ಬಹಳ ವರ್ಷದ ಪರಿಚಯ,” ಎಂದುಬಿಟ್ಟರು. ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ. ಬೈಯುವಾಗ ಕನ್ನಡದವನಾಗಿದ್ದವನು ಮರಾಠಿಯಲ್ಲಿಯೂ, ಮರಾಠಿಯವರು ಕನ್ನಡದಲ್ಲಿಯೂ ಮಾತನಾಡಲು ಶುರುಮಾಡಿದ್ದರಿಂದ ಜನರಿಗೆ ಯಾರ ಪರ ನಿಲ್ಲಬೇಕೆಂಬುದೇ ತಿಳಿಯಲಿಲ್ಲ. ಹುಡುಗ ನಿರಾಸೆಯಿಂದ ಮೊಬೈಲ್ ಕೆಳಗಿಳಿಸಿದ. ಪಾಪ, ಒಳ್ಳೆಯ ಕೋನದಲ್ಲಿ ನಿಂತಿದ್ದ.

ಆಮೇಲೆ ಆಗಬೇಕಾದದ್ದೇ ಆಯಿತು: ಮನೆಯೊಳಗೆ ಕರೆದೊಯ್ದರು. ಕಾಕೂ ನನ್ನ ಮೊಣಕೈಗೆ ಅರಿಶಿನ ಒತ್ತಿದರು. ನೆಲದ ಮೇಲೆ ಹಳೆಯ ಸೀರೆ ಹಾಸಿ, ನಲವತ್ತಮೂರು ಪತ್ರಿಕೆಗಳನ್ನೂ ಹಪ್ಪಳ ಒಣಗಿಸುವಂತೆ ಸಾಲಾಗಿ ಹರಡಿ ಫ್ಯಾನ್ ಹಾಕಿದರು. ಚಹಾ ಕುಡಿಯುತ್ತಾ ಕಾಕಾ ಆ ಸಾಲುಗಳ ನಡುವೆ ಬಗ್ಗಿ ನಡೆದು ನೋಡುತ್ತಿದ್ದರು. ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ ಎಂದರು. ಒಂದು ಪತ್ರಿಕೆಯ ಮುಂದೆ ನಿಂತುಬಿಟ್ಟರು. ಒಬ್ಬ ಹುಡುಗನ ಮೂರನೆಯ ಪುಟದ ಶಾಯಿಯೆಲ್ಲ ಕರಗಿ ನೀಲಿ ಕೆರೆಯಾಗಿತ್ತು.

“ಇದಕ್ಕೆ ಎಷ್ಟು ಅಂಕ ಸರ್?”

“ಐದಕ್ಕೆ. ಆದರೆ ಏನೂ ಕಾಣುವುದಿಲ್ಲವಲ್ಲ.”

“ಬಾಗಿಲು ನನ್ನದು. ಹುಡುಗನದೇನು ತಪ್ಪು? ಐದೂ ಕೊಟ್ಟುಬಿಡಿ.”

ಆ ಹುಡುಗ ಐದು ಅಂಕದ ಉತ್ತರ ಬರೆಯುವವನಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಕಾಕಾ ನೋಡುತ್ತಿದ್ದಂತೆಯೇ ಕೊಟ್ಟೆ. ಈಗಲೂ ಅವನು ಶಾಲೆಯಲ್ಲಿ ನನ್ನನ್ನು ಕಂಡರೆ ಸಂಶಯದಿಂದ ನೋಡುತ್ತಾನೆ.

ಹೊರಡುವಾಗ ಗಡಿ ಒಪ್ಪಂದವೂ ಆಯಿತು. ಕಾರು ತೆಗೆಯುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಚಹಾ ಕುಡಿದ ಬಾಯಿಂದ ಅಂಥ ಮಾತು ಬರುವುದಿಲ್ಲ. ಕಾಕಾ ನನ್ನ ಸೈಕಲ್ಲಿನ ಹ್ಯಾಂಡಲನ್ನು ಗೇಣಿನಿಂದ ಅಳೆದರು. ಮೂರು ಗೇಣು. ಸೊಟ್ಟಗಾದ ಬುಟ್ಟಿಗೆಂದು ನಾಲ್ಕು ಬೆರಳು ಹೆಚ್ಚಿಗೆ ಹಿಡಿದು, ಅಷ್ಟು ಜಾಗ ಬಿಟ್ಟೇ ಇನ್ನು ಮುಂದೆ ಕಾರು ನಿಲ್ಲಿಸುವುದಾಗಿ ಮಾತು ಕೊಟ್ಟರು. ಮಾತಿಗೆ ತಪ್ಪುವವರಲ್ಲ. ಮರುದಿನ ನೋಡಿದರೆ ಕಾರಿನ ಎಡಗಡೆಯ ಎರಡು ಚಕ್ರಗಳು ಫುಟ್‌ಪಾತ್ ಏರಿದ್ದವು, ಬಲಗಡೆ ಮೂರು ಗೇಣು ನಾಲ್ಕು ಬೆರಳಿನ ನನ್ನ ಸಾಮ್ರಾಜ್ಯ ಖಾಲಿ ಬಿದ್ದಿತ್ತು. ಹೆಮ್ಮೆಯಿಂದ ಎದೆಯುಬ್ಬಿಸಿ ಗಂಟೆ ಬಾರಿಸುತ್ತಾ ಒಳಹೊಕ್ಕೆ.

ಎದುರಿಗೆ ಕೋಲು ಊರಿಕೊಂಡು ಒಬ್ಬ ಅಜ್ಜಿ ಬರುತ್ತಿದ್ದರು. ಫುಟ್‌ಪಾತಿನಲ್ಲಿ ಕಾರು ಹತ್ತಿದ ಮೇಲೆ ಅವರು ಇಳಿಯಬೇಕಾದದ್ದು ಎಲ್ಲಿಗೆ? ಬ್ರೇಕ್ ಹಾಕಿದೆ. ಅವರೂ ನಿಂತರು. ಕಾರಿನ ಪಕ್ಕದ ಆ ಸಂದಿನಲ್ಲಿ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕಿತ್ತು. ನಾನು ಇಳಿದು ಸೈಕಲನ್ನು ಹಿಮ್ಮುಖವಾಗಿ ನೂಕಿಕೊಂಡು ಬಂದೆ.

“ಇಲ್ಲಿ ಸೈಕಲ್ ತರುತ್ತಾರೇನಪ್ಪಾ, ಜನ ಓಡಾಡುವ ಜಾಗದಲ್ಲಿ?” ಎಂದರು ಅಜ್ಜಿ.

ನೀಲಿ ಫಲಕ ತೋರಿಸೋಣವೆಂದು ತಿರುಗಿದೆ. ಫಲಕದ ಮೇಲೆ ಯಾರದೋ ಸಮವಸ್ತ್ರದ ಅಂಗಿ ನೇತಾಡುತ್ತಿತ್ತು. ಅಷ್ಟರಲ್ಲಿ ಅಜ್ಜಿ ತಮ್ಮ ಕಾಯಿಪಲ್ಲೆಯ ಚೀಲವನ್ನು ನನ್ನ ಬುಟ್ಟಿಯೊಳಗೆ ಇಳಿಸಿ, ಚಿಟ್ಟೆಯನ್ನೊಮ್ಮೆ ಸವರಿ, ಮುಂದಿನ ತಿರುವಿನಲ್ಲಿ ಬೇವಿನ ಗಿಡದ ಮನೆ ಎಂದು ಹೇಳಿ ನಡೆಯತೊಡಗಿದರು. ಶಾಲೆಯ ಗಂಟೆ ಹೊಡೆಯುವ ಹೊತ್ತಾಯಿತು ಎಂದೆ.

“ಎರಡೇ ನಿಮಿಷ ಬಾಪ್ಪಾ,” ಎಂದರು ಅಜ್ಜಿ, ತಿರುಗಿ ನೋಡದೆ.