ಮಂಜು ಬೇರೆ, ಹಿಮ ಬೇರೆ ಕಣಪ್ಪಾ!

ಡಿಸೆಂಬರ್ ಬಂತು ಅಂದ್ರೆ ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ್ದೇ ತಪ್ಪು ಅನ್ನಿಸಿಬಿಡುತ್ತೆ. ಶನಿವಾರ ರಾತ್ರಿ ಬೆಂಗಳೂರಿಂದ ಅಕ್ಕನ ಮಗನ ಫೋನು: "ಮಾವ, ನಂದಿ ಬೆಟ್ಟದಲ್ಲಿ ಸ್ನೋ ಬೀಳ್ತಿದೆಯಂತೆ, ರೀಲ್ಸಲ್ಲಿ ನೋಡ್ದೆ!"

ಅಲ್ಲಪ್ಪಾ, ಅದು 1,478 ಮೀಟರಿನ ಬೆಟ್ಟ, ಹಿಮಾಲಯ ಅಲ್ಲ. ನೀರು ಹೆಪ್ಪುಗಟ್ಟೋ ಚಳಿ ಅಲ್ಲೆಲ್ಲಿದೆ? ಅದು ಬರೀ ಮಂಜು, ಕೆಳಗಿಳಿದ ಮೋಡ. (ನಮ್ಮ ಭಾಷೆದೂ ಸ್ವಲ್ಪ ತಪ್ಪಿದೆ ಬಿಡಿ. ಕವಿಯೋದೂ ಮಂಜು, ಗಡ್ಡೆ ಕಟ್ಟೋದೂ ಮಂಜು.)

ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಬಡಿದವನ ಕಾಲಲ್ಲಿ ಮೊಣಕಾಲುದ್ದ ಬೂಟು. ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ತಾರಲ್ಲ, ಬ್ಯಾಡ್ಮಿಂಟನ್ ಬ್ಯಾಟಿನಂಥ ಅಗಲದ ಸ್ನೋಶೂ, ಅದು ಬೆಟ್ಟದ ಬುಡದಲ್ಲಿ ಬಾಡಿಗೆಗೆ ಸಿಗುತ್ತಾ ಅಂತ ಬೇರೆ ಕೇಳ್ದ! ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ ಕಾಲು ಯಾವುದರಲ್ಲಿ ಹೂತುಹೋಗಬೇಕು? ಚಿಪ್ಸ್ ಪೊಟ್ಟಣದ ರಾಶಿಯಲ್ಲಾ?

ಅರ್ಧ ಹತ್ತೋಷ್ಟರಲ್ಲಿ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ. ನನ್ನ ರಬ್ಬರ್ ಚಪ್ಪಲಿ ಅವನ ಕಾಲಿಗೆ, ಅವನ ಬೂಟು ನನ್ನ ಹೆಗಲಿಗೆ. ನೀಲಗಿರಿ ಎಲೆಯಿಂದ ಒಂದು ಹನಿ ಕತ್ತಿಗೆ ಬಿದ್ರೆ ಸಾಕು, "ಸ್ನೋ!" ಅಂತ ಕಿರುಚಾಟ. ಹಿಂದೊಂದು ಸ್ಪೀಕರಿನ ಡಬಡಬ, ಮುಂದೆ ಸೆಲ್ಫಿ ಕೋಲುಗಳ ಕಾಡು. ಸೂರ್ಯೋದಯಾನಾ? ನೋಡ್ದೆ, ಮುಂದೆ ನಿಂತವರ ಫೋನಲ್ಲಿ.

ಮನೆಗೆ ಬಂದು ಹಿತಕಿದಬೇಳೆ ಸಾರು ಸೊರಸೊರ ಹೀರುತ್ತಾ ಮಹಾಶಯ ಕೇಳ್ತಾನೆ: "ಮಾವ, ಜನವರಿಲಿ ಸ್ನೋ ಇನ್ನೂ ಜಾಸ್ತಿನಾ?"