ಮಾತ್ರೆ ನಿಲ್ಲಿಸಿದ ಮೇಲೆ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ತಿಪಟೂರು ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಯುಗಾದಿಯ ಮಾರನೇ ದಿನ ಊರಿಗೆ ಊರೇ ಇಸ್ಪೀಟ್ ಹಾಕಿಕೊಂಡು ಕೂತಿದ್ದರೆ ಇವರು ಜಗಲಿಯಿಂದ ಹುಡುಗರನ್ನ ಎಬ್ಬಿಸಿ ಓಡಿಸುತ್ತಿದ್ದರು. ಅಂಥವರು ರಾತ್ರಿ ಎರಡು ಗಂಟೆಗೆ ಹಿತ್ತಿಲ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಮೊಬೈಲಲ್ಲಿ ರಮ್ಮಿ ಆಡುತ್ತಿದ್ದಾರೆ ಅಂತ ಚಿಕ್ಕಮ್ಮ ಫೋನ್ ಮಾಡಿ ಹೇಳಿದಾಗ ನಾನು ನಂಬಲಿಲ್ಲ. ಹೋಗಿ ನೋಡಿದೆ. ಎಡಗೈ ತೊಡೆ ಮೇಲೆ ನಡುಗುತ್ತಿತ್ತು, ಬಲಗೈ ಹೆಬ್ಬೆರಳು ಮಾತ್ರ ಸ್ಕ್ರೀನ್ ಮೇಲೆ ಚಕಚಕ ಓಡುತ್ತಿತ್ತು. ಅಷ್ಟರಲ್ಲಾಗಲೇ ಆ ವರ್ಷದ ಕೊಬ್ಬರಿ ದುಡ್ಡು ಹೋಗಿತ್ತು, ಚೀಟಿ ದುಡ್ಡು ಹೋಗಿತ್ತು, ಚಿಕ್ಕಮ್ಮನ ಎರಡೆಳೆ ಸರ ಅಡವಿಗೆ ಬಿದ್ದಿತ್ತು.

"ಇವರು ಇವರಲ್ಲ ಕಣೋ" ಅಂದರು ಚಿಕ್ಕಮ್ಮ.

ಚಿಕ್ಕಪ್ಪನಿಗೆ ಪಾರ್ಕಿನ್ಸನ್ಸ್, ಕೈಕಾಲು ನಡುಗೋ ಕಾಯಿಲೆ. ಅದಕ್ಕೆ ಒಂದು ವರ್ಷ ಮೊದಲು ಪ್ರಾಮಿಪೆಕ್ಸೋಲ್ ಅನ್ನೋ ಮಾತ್ರೆ ಶುರುವಾಗಿತ್ತು. ಮಿದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಮಾಡುವ ಕೆಲಸವನ್ನ ಅದು ತಾನು ಮಾಡುತ್ತದೆ, ನಡುಕ ತಗ್ಗುತ್ತದೆ. ಆದರೆ ಈ ಜಾತಿಯ ಮಾತ್ರೆಗಳಿಗೆ ಇನ್ನೊಂದು ಗುಣ ಇದೆ. ಕೆಲವರಿಗೆ ಜೂಜು, ಕೆಲವರಿಗೆ ಸುಮ್ಸುಮ್ನೆ ಸಾಮಾನು ಕೊಳ್ಳೋದು, ಕೆಲವರಿಗೆ ತಿನ್ನೋದು, ಕೆಲವರಿಗೆ ಕಾಮ, ಹೀಗೆ ಯಾವುದೋ ಒಂದರ ಹುಚ್ಚು ಹತ್ತಿಸುತ್ತದೆ. 2010ರಲ್ಲಿ ಬಂದ, ಮೂರು ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲಿನ ಅಧ್ಯಯನದಲ್ಲಿ ಈ ಜಾತಿಯ ಮಾತ್ರೆ ತಗೊಳ್ಳುವವರಲ್ಲಿ ಸುಮಾರು ನೂರಕ್ಕೆ 17 ಜನರಿಗೆ ಇಂಥ ಹುಚ್ಚು ಕಂಡಿತ್ತು, ತಗೊಳ್ಳದವರಲ್ಲಿ ನೂರಕ್ಕೆ 7. ಇದನ್ನ ಶುರುವಿನಲ್ಲೇ ಯಾರೂ ನಮಗೆ ಹೇಳಿರಲಿಲ್ಲ. ಇನ್ನೊಬ್ಬ ಡಾಕ್ಟರು, ಕಥೆ ಎಲ್ಲ ಕೇಳದೇನೆ, "ಇತ್ತೀಚೆಗೆ ಜೂಜು ಗೀಜು ಏನಾದ್ರೂ ಜಾಸ್ತಿ ಆಗಿದೆಯಾ?" ಅಂದರು. ಚಿಕ್ಕಮ್ಮ ಅಲ್ಲೇ ಅತ್ತುಬಿಟ್ಟರು. ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡಿ ನಿಲ್ಲಿಸಿದರು. ಎರಡು ತಿಂಗಳಲ್ಲಿ ರಮ್ಮಿ ನಿಂತಿತು. ತಗ್ಗಿದ್ದ ನಡುಕ ಮತ್ತೆ ಜಾಸ್ತಿಯಾಯಿತು.

ನಾನು ದೇವರು, ಆತ್ಮ, ಪೂರ್ವಜನ್ಮ ಇದ್ಯಾವುದನ್ನೂ ಒಪ್ಪದವನು. ಪ್ರಕೃತಿಯಾಚೆ ಏನೂ ಇಲ್ಲ, ನಾವು ಮಾಡೋ ಪ್ರತಿಯೊಂದಕ್ಕೂ ಹಿಂದೆ ಒಂದು ಕಾರಣ, ಅದರ ಹಿಂದೆ ಇನ್ನೊಂದು ಕಾರಣ ಅಂತ ಕಾಲೇಜು ದಿನದಿಂದ ವಾದ ಮಾಡಿಕೊಂಡು ಬಂದವನು. ಹಾಗಾಗಿ ಚಿಕ್ಕಪ್ಪನ ವಿಷಯ ನನ್ನ ವಾದಕ್ಕೆ ಸಿಕ್ಕ ಒಳ್ಳೇ ಸಾಕ್ಷಿ ಅಂದುಕೊಂಡೆ. ನೋಡಿ, ಇಷ್ಟಗಲ ಮಾತ್ರೆ, ನಲವತ್ತು ವರ್ಷದ ಶಿಸ್ತನ್ನ ನುಂಗಿ ಹಾಕಿತು, ಎಲ್ಲಿದೆ ನಿಮ್ಮ ಸ್ವತಂತ್ರ ಇಚ್ಛೆ ಅಂತ. ಮನೆಯವರೂ ಒಪ್ಪಿದರು. "ಪಾಪ, ಅವರದ್ದೇನು ತಪ್ಪು, ಮಾತ್ರೆ ಮಾಡಿಸಿದ್ದು."

ಆಮೇಲೆ ಭಾವನ ನೆನಪಾಯಿತು.

ಸೋದರತ್ತೆ ಮಗ. ಇಪ್ಪತ್ತು ವರ್ಷದಿಂದ ಇಸ್ಪೀಟ್. ಒಂದು ಸೈಟು ಹೋಗಿದೆ, ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ. ಅವನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಪಾಪ ಅಂದಿಲ್ಲ. "ಅವನ ಬುದ್ಧಿನೇ ಅಷ್ಟು" ಅಂತ ಮುಗಿಸುತ್ತಾರೆ. ಅವನು ಬೆಳೆದದ್ದು ಎಂಥಲ್ಲಿ? ಅವನಪ್ಪ ತೋಟದ ಶೆಡ್ಡಿನಲ್ಲಿ ಆಟಕ್ಕೆ ಕೂತರೆ ಏಳು ವರ್ಷದ ಇವನನ್ನ ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಎತ್ತಿಸುತ್ತಿದ್ದ, ಗೆದ್ದರೆ ಬೋಂಡ ಕೊಡಿಸುತ್ತಿದ್ದ. ಇವನ ತಲೆಯಲ್ಲೂ ಓಡುವುದು ಅದೇ ಡೋಪಮೈನ್ ತಾನೇ? ಚಿಕ್ಕಪ್ಪನಿಗೆ ಹೊರಗಿನಿಂದ ಬಂತು, ಇವನಿಗೆ ಬೋಂಡದ ಜೊತೆ ಬಂತು. ಒಂದು ಕಾರಣಕ್ಕೆ ಹೆಸರಿದೆ, ಡಾಕ್ಟರ ಚೀಟಿ ಮೇಲೆ ಬರೆದಿದೆ, ನಿಲ್ಲಿಸಬಹುದು. ಇನ್ನೊಂದಕ್ಕೆ ಹೆಸರಿಲ್ಲ. ಹೆಸರಿಲ್ಲದ ಕಾರಣಕ್ಕೆ ನಾವು ಬುದ್ಧಿ ಅಂತ ಹೆಸರಿಟ್ಟು ಉಗಿಯುತ್ತೀವಿ.

ಹಾಗಾದರೆ ಇಬ್ಬರನ್ನೂ ಬಿಟ್ಟುಬಿಡಬೇಕಾ? ಇಲ್ಲಿ ನನಗೂ ನನ್ನಂಥ ನಾಸ್ತಿಕ ಗೆಳೆಯರಿಗೂ ಜಗಳ. ಅವರು ಕೂಡಲೇ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಮಾಡಿದ ಪ್ರಯೋಗ ಎತ್ತುತ್ತಾರೆ. 1983ರದ್ದು. ಗಡಿಯಾರದಂಥ ಮುಖದ ಮೇಲೆ ಸುತ್ತುವ ಚುಕ್ಕೆ ನೋಡುತ್ತಾ, ಮನಸ್ಸು ಬಂದಾಗ ಕೈ ಮಣಿಕಟ್ಟು ಆಡಿಸಿ, ಮನಸ್ಸು ಬಂದ ಗಳಿಗೆಯಲ್ಲಿ ಚುಕ್ಕೆ ಎಲ್ಲಿತ್ತು ಹೇಳಿ ಅಂದರು. ಜನ ಹೇಳಿದ ಗಳಿಗೆ, ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು. ಮಿದುಳಿನ ವಿದ್ಯುತ್ ಏರಿಕೆ ಶುರುವಾಗಿದ್ದು ಸುಮಾರು 550 ಮಿಲಿಸೆಕೆಂಡ್ ಮೊದಲು. ಮಿದುಳು ಮೊದಲೇ ತೀರ್ಮಾನ ಮಾಡಿತ್ತು, ನಿಮಗೆ ಆಮೇಲೆ ತಿಳಿಯಿತು ಅಂತ ಇವರ ವಾದ. ಸ್ವಾಮಿ, ಆ ಏರಿಕೆ ತೀರ್ಮಾನವೇ ಅಲ್ಲ, ಮಿದುಳಿನಲ್ಲಿ ಸದಾ ಇರುವ ಏರಿಳಿತ ಒಂದು ಮಟ್ಟ ಮುಟ್ಟುವುದು ಹಾಗೆ ಕಾಣುತ್ತಿರಬಹುದು ಅಂತ 2012ರಲ್ಲಿ ಶೂರ್ಗರ್ ಮತ್ತು ಜೊತೆಗಾರರು ತೋರಿಸಿದ್ದಾರೆ. ಅದೂ ಇರಲಿ, ಮಣಿಕಟ್ಟು ಆಡಿಸೋದಕ್ಕೂ ಹೆಂಡತಿಯ ಸರ ಅಡ ಇಡೋದಕ್ಕೂ ಎಲ್ಲಿಂದೆಲ್ಲಿಗೆ? ಸರ ಅಡ ಇಡಲು ಮೂರು ದಿನ ಯೋಚನೆ ಮಾಡಬೇಕು, ಸುಳ್ಳು ಜೋಡಿಸಬೇಕು, ಬಸ್ಸು ಹಿಡಿಯಬೇಕು.

ಇನ್ನು ಕಣಗಳ ಮಟ್ಟದಲ್ಲಿ ಎಲ್ಲ ಆಕಸ್ಮಿಕ, ಸ್ವತಂತ್ರ ಇಚ್ಛೆಗೆ ಅಲ್ಲಿ ಜಾಗ ಇದೆ ಅಂತ ಕ್ವಾಂಟಮ್ ಎತ್ತುವವರಿಗೆ ಒಂದೇ ಮಾತು. ತಲೆಯೊಳಗೆ ಯಾರೋ ಕವಡೆ ಬಿಟ್ಟು ನನ್ನ ಕೈಲಿ ಕೆಲಸ ಮಾಡಿಸಿದರೆ ಅದು ನನ್ನ ಸ್ವಾತಂತ್ರ್ಯ ಹೇಗಾಗುತ್ತೆ?

ಕಾರಣ ಇದೆ ಅನ್ನೋದು ಬೇರೆ, ಹಣೆಬರಹ ಅನ್ನೋದು ಬೇರೆ. ಇದನ್ನ ಬೆರೆಸುವವರು ಇವತ್ತಿನವರಷ್ಟೇ ಅಲ್ಲ. ಬುದ್ಧನ ಕಾಲದಲ್ಲಿ ಆಜೀವಕ ಅನ್ನೋ ಪಂಥದ ಗುರು ಮಕ್ಖಲಿ ಗೋಸಾಲ ಅಂತ ಒಬ್ಬ ಇದ್ದ. ಎಸೆದ ನೂಲಿನ ಉಂಡೆ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತೆ, ಹಾಗೇ ಜಾಣನೂ ದಡ್ಡನೂ 84 ಲಕ್ಷ ಮಹಾಕಲ್ಪ ಸುತ್ತಿಯೇ ಮುಗಿಸಬೇಕು, ಪ್ರಯತ್ನದಿಂದ ಏನೂ ಆಗಲ್ಲ ಅಂತ ಅವನ ಮಾತು, ಬೌದ್ಧ ಗ್ರಂಥಗಳು ಹೇಳುವ ಪ್ರಕಾರ. ಇದು ಹಣೆಬರಹ. ಡಾಕ್ಟರ ಹತ್ತಿರ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ನಾನು ಹೇಳೋದು ಅದಲ್ಲ. ಡಾಕ್ಟರ ಹತ್ತಿರ ಹೋಗಿದ್ದೂ ಒಂದು ಕಾರಣ. ಅವರು ಆ ಪ್ರಶ್ನೆ ಕೇಳಿದ್ದೂ ಕಾರಣ. ಕೇಳದೇ ಇದ್ದಿದ್ದರೆ ಮನೆಯೂ ಹೋಗುತ್ತಿತ್ತು.

ಬೈಗುಳ, ನಾಚಿಕೆ, ದಂಡ, ಜೈಲು ಇವೂ ಕಾರಣಗಳೇ. ಅದಕ್ಕೇ ಹೊಣೆ ಅನ್ನೋ ಮಾತನ್ನ ನಾನು ಬಿಟ್ಟುಕೊಡಲ್ಲ. ನನ್ನ ಪ್ರಶ್ನೆ ಒಂದೇ: ಈ ಮನುಷ್ಯನಿಗೆ ಮಾತು ತಾಗುತ್ತಾ? ಚಿಕ್ಕಪ್ಪನಿಗೆ ಆ ಹತ್ತು ತಿಂಗಳು ತಾಗುತ್ತಿರಲಿಲ್ಲ. ತಪ್ಪು ಅಂತ ಗೊತ್ತಿತ್ತು, ಅಳುತ್ತಿದ್ದರು, ಅಳುತ್ತಲೇ ಆಡುತ್ತಿದ್ದರು. ಭಾವನಿಗೆ ಅರ್ಧ ತಾಗುತ್ತದೆ. ಮಗಳ ಎಸ್ಸೆಸ್ಸೆಲ್ಸಿ ವರ್ಷ ಪೂರ್ತಿ ಎಲೆ ಮುಟ್ಟಿರಲಿಲ್ಲ. ತಾಗುವಷ್ಟರ ಮಟ್ಟಿಗೆ ಅವನನ್ನ ಕೇಳುವ ಹಕ್ಕು ನಮಗಿದೆ.

ನಮ್ಮ ಕಾನೂನು ಇಲ್ಲಿ ಸ್ವಲ್ಪ ಎಡವುತ್ತದೆ ಅನ್ನಿಸುತ್ತೆ. ಹಳೇ ಐಪಿಸಿಯ 84ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22. ಬುದ್ಧಿ ಸ್ವಾಧೀನ ಇಲ್ಲದೆ, ತಾನು ಏನು ಮಾಡುತ್ತಿದ್ದೇನೆ ಅಂತಲೋ, ಇಲ್ಲ ಅದು ತಪ್ಪು ಅಂತಲೋ ತಿಳಿಯಲಾರದವನು ಮಾಡಿದ್ದು ಅಪರಾಧವಲ್ಲ ಅನ್ನುತ್ತದೆ. ತಿಳುವಳಿಕೆಯ ಬಗ್ಗೆ ಕೇಳುತ್ತದೆ, ಹಿಡಿತದ ಬಗ್ಗೆ ಕೇಳಲ್ಲ. ಚಿಕ್ಕಪ್ಪ ಆಗ ಬ್ಯಾಂಕಿಗೆ ಸುಳ್ಳು ಸಹಿ ಹಾಕಿದ್ದರೆ ಈ ಸೆಕ್ಷನ್ ಅವರನ್ನ ಕಾಪಾಡುತ್ತಿತ್ತು ಅಂತ ನನಗೆ ಅನ್ನಿಸಲ್ಲ. ಗಲ್ಲಿನ ವಿಷಯದಲ್ಲಿ ಮಾತ್ರ ಕೋರ್ಟು ನಿಧಾನಕ್ಕೆ ಕಣ್ಣು ಬಿಟ್ಟಿದೆ. ಅಪರಾಧವಷ್ಟೇ ಅಲ್ಲ, ಅಪರಾಧಿಯನ್ನೂ ನೋಡಿ ಅಂತ 1980ರ ಬಚ್ಚನ್ ಸಿಂಗ್ ತೀರ್ಪು ಹೇಳಿತು. ಅವನು ಬೆಳೆದ ಮನೆ, ಮನಸ್ಸಿನ ಸ್ಥಿತಿ, ಜೈಲಿನ ನಡತೆ ಎಲ್ಲದರ ವರದಿ ತರಿಸಿಕೊಳ್ಳಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಂದವನನ್ನ ಒಳಗೆ ಇಡಬೇಕು, ಸಂಶಯವಿಲ್ಲ. ಆದರೆ ಅವನು ನರಳಲಿ, ಅದು ಅವನಿಗೆ ಆಗಬೇಕಾದ್ದೇ ಅನ್ನೋ ಖುಷಿಗೆ ನನ್ನ ಲೆಕ್ಕದಲ್ಲಿ ಜಾಗ ಇಲ್ಲ. ಅವನ ಅಪ್ಪ, ಅವನ ಮಿದುಳು, ಅವನ ಕೇರಿ ನನಗೆ ಸಿಕ್ಕಿದ್ದರೆ ನಾನು ಅವನೇ. (ಇದನ್ನ ಬರೆಯೋದು ಸುಲಭ. ಭಾವ ನನ್ನ ಹತ್ತಿರ ಇಸಕೊಂಡ ನಲವತ್ತು ಸಾವಿರ ನೆನಪಾದಾಗ ನನಗೂ ಹಲ್ಲು ಕಡಿಯೋ ಹಾಗಾಗುತ್ತೆ.)

ಈಗ ಚಿಕ್ಕಪ್ಪ ಏನು ಮಾಡುತ್ತಿದ್ದಾರೆ ಅಂದರೆ, ಪೆನ್ಷನ್ ಬಂದ ದಿನ ಚಿಕ್ಕಮ್ಮನ ಕೈಗೆ ಐದು ಸಾವಿರ ಎಣಿಸಿ ಕೊಡುತ್ತಾರೆ. ಸರದ ಬಾಬ್ತು. ಯಾರೂ ಕೇಳಿಲ್ಲ. "ನಿಮ್ಮ ತಪ್ಪಲ್ಲ ಚಿಕ್ಕಪ್ಪ, ಮಾತ್ರೆದು" ಅಂದೆ. "ಕೈ ನಂದೇ ಅಲ್ವೇನೋ" ಅಂದರು. ಎಟಿಎಂ ಕಾರ್ಡು, ಫೋನು ಎರಡೂ ರಾತ್ರಿ ಚಿಕ್ಕಮ್ಮನ ಸ್ಟೀಲ್ ಡಬ್ಬಿಗೆ. ಮಾತ್ರೆ ನಿಂತು ವರ್ಷವಾದರೂ ಹಾಗೇ ನಡೆದಿದೆ.

ಕಳೆದ ಯುಗಾದಿಗೆ ಭಾವನೂ ಬಂದಿದ್ದ. ಊಟ ಆದಮೇಲೆ ಚಿಕ್ಕಪ್ಪ ಆ ಡಬ್ಬಿ ತಂದು ಅವನ ಮುಂದೆ ಮುಚ್ಚಳ ತೆಗೆದು ಇಟ್ಟರು. "ನಿಂದೂ ಹಾಕು, ಇಬ್ಬರದ್ದೂ ಒಂದೇ ಕಡೆ ಇರ್ಲಿ." ಭಾವ ನಕ್ಕ. ಜೇಬು ಮುಟ್ಟಿ ನೋಡಿಕೊಂಡ. "ಮುಂದಿನ ಸಲ ಮಾವ" ಅಂದ.