ಪೊಟ್ಯಾಸಿಯಂ ಲೆಕ್ಕ ಬಿಟ್ಟುಹೋಗಿದೆ

ನಿಮ್ಮ ಲೇಖನದಲ್ಲಿ, ಒಟ್ಟು ಬೀಟಾ (ನೀರಿನಲ್ಲಿರುವ ಎಲ್ಲ ಬೀಟಾ ವಿಕಿರಣದ ಮೊತ್ತ) ಲೀಟರ್‌ಗೆ 1 ಬೆಕೆರೆಲ್ (ವಿಕಿರಣಶೀಲತೆ ಅಳೆಯುವ ಮಾನ) ದಾಟಿದರೆ ಆ ನದಿ ನೀರು ಕುಡಿಯಲೇಬಾರದು ಅಂತ ಬರೆದಿದ್ದೀರಿ. ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಆ ಅಂಕಿ ಅಪಾಯದ ಗೆರೆ ಅಲ್ಲ, ಇನ್ನೂ ವಿವರವಾಗಿ ಪರೀಕ್ಷಿಸಿ ಅನ್ನುವ ಸೂಚನೆ ಅಷ್ಟೇ. ಅದರಲ್ಲಿ ಪೊಟ್ಯಾಸಿಯಂ-40ರ (ಸಾಮಾನ್ಯ ಪೊಟ್ಯಾಸಿಯಂನಲ್ಲೇ ಸಹಜವಾಗಿ ಬೆರೆತಿರುವ ವಿಕಿರಣಶೀಲ ರೂಪ) ಪಾಲನ್ನು ಮೊದಲು ಕಳೆಯಬೇಕು ಅಲ್ವಾ? ಒಂದು ಗ್ರಾಂ ಸಾಮಾನ್ಯ ಪೊಟ್ಯಾಸಿಯಂನಿಂದಲೇ ಸುಮಾರು 28 ಬೆಕೆರೆಲ್ ಬೀಟಾ ಬರುತ್ತದೆ. ದೇಹ ಪೊಟ್ಯಾಸಿಯಂ ಅನ್ನು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಹಾಗಾಗಿ ನೀರಿನಲ್ಲಿ ಸ್ವಲ್ಪ ಜಾಸ್ತಿ ಇದ್ದ ಮಾತ್ರಕ್ಕೆ ದೇಹಕ್ಕೆ ತಗಲುವ ವಿಕಿರಣದ ಡೋಸ್ ಏರುವುದಿಲ್ಲ. ನೋಡಬೇಕಾದದ್ದು ರೇಡಿಯಂ-228, ಸೀಸ-210ರಂಥ ಬೀಟಾ ಸೂಸುವ ವಿಕಿರಣಶೀಲ ವಸ್ತುಗಳನ್ನು. ಲೇಖನದಲ್ಲಿ ಅವುಗಳ ಹೆಸರೇ ಇಲ್ಲ! ಇನ್ನು ಯುರೇನಿಯಂಗೆ ಲೀಟರ್‌ಗೆ 30 ಮೈಕ್ರೋಗ್ರಾಂ ಮಿತಿ ಇಟ್ಟಿರುವುದು ವಿಕಿರಣದ ಭಯಕ್ಕಲ್ಲ, ಕಿಡ್ನಿಗೆ ಆಗುವ ರಾಸಾಯನಿಕ ಹಾನಿಗೆ.